ಹಂದಿ ಕಂದು ಹಾಕಿದೆ (ದಿನ ತುಂಬದೆ ಮರಿ ಬಿದ್ದಿದೆ), ಗೂಡಿನಲ್ಲಿ ಏನೋ ಸರಿ ಇಲ್ಲ. ಗೊತ್ತಿದ್ದವರು ಹೇಳಿ

ಬೆಳ್ಮಣ್ ಹಿತ್ತಿಲು · ಆಗಸ್ಟ್ 14, ಬೆಳಿಗ್ಗೆ 7:10
ನಾವು ಬೆಳ್ಮಣ್ ಹತ್ತಿರದವರು. ಮನೆ ಹಿಂದೆ ಹಂದಿ ಗೂಡು ಉಂಟು. ಆರು ಹೆಣ್ಣು, ಎಲ್ಲ ಬಿಳಿ ಯಾರ್ಕ್‌ಶೈರ್. ಗಂಡು ನಮ್ಮಲ್ಲಿ ಇಲ್ಲ, ಬೆದೆಗೆ ಬಂದಾಗ ಬೇರೆ ಕಡೆಯಿಂದ ತರಿಸುತ್ತೇವೆ. ಹಣ ಕೊಡುವುದಿಲ್ಲ, ಮರಿ ಹಾಕಿದ ಮೇಲೆ ಒಂದು ಮರಿ ಕೊಡುವ ಲೆಕ್ಕ.

ಇವತ್ತು ಐದೂವರೆಗೆ ಮುಸುರೆ ಹಾಕಲು ಹೋದೆ. ದೊಡ್ಡ ಹಂದಿ ಮೂಲೆಯಲ್ಲಿ ನಿಂತಿತ್ತು, ಬಾಲದ ಕೆಳಗೆ ಮಾಸು ಜೋತು ಬಿದ್ದಿತ್ತು. ಬೈಹುಲ್ಲಿನ ಮೇಲೆ ಎಂಟು ಮರಿ. ಗೇಣಿಗಿಂತ ಸಣ್ಣದು, ಮೈಯಲ್ಲಿ ಒಂದು ಕೂದಲಿಲ್ಲ, ಕಣ್ಣು ಮುಚ್ಚಿ ಮಲಗಿದ ಹಾಗೆ. ನಾನು ನೋಡುತ್ತಾ ನಿಂತಿದ್ದಾಗಲೇ ನಾಯಿ ಒಂದನ್ನು ಕಚ್ಚಿಕೊಂಡು ತೆಂಗಿನ ಬುಡಕ್ಕೆ ಓಡಿತು. ಉಳಿದ ಏಳನ್ನು ಕೈಯಲ್ಲೇ ಹೆಕ್ಕಿ ಬಾಳೆ ಬುಡದಲ್ಲಿ ಹೂತು ಬಂದೆ.

ನಾನು ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಇದಕ್ಕೆ ಗಂಡು ಕೊಡಿಸಿದ್ದು ಜೂನ್ 3. ಇವತ್ತಿಗೆ 72 ದಿನ. ಇನ್ನೊಂದಕ್ಕೆ ಜೂನ್ 10ಕ್ಕೆ ಕೊಡಿಸಿದ್ದು, ಅದು ಜುಲೈ 15ಕ್ಕೆ ತಿರುಗಿ ಬೆದೆಗೆ ಬಂತು. ಮೂರನೆಯದು ಮೇ ತಿಂಗಳಲ್ಲಿ ಆರು ಮರಿ ಹಾಕಿತ್ತು, ಅದರಲ್ಲಿ ನಾಲ್ಕು ಸತ್ತೇ ಹುಟ್ಟಿದವು. ಮೂರಕ್ಕೂ ಒಂದೇ ಗಂಡು. ಹಂದಿಗಳಿಗೆ ಜ್ವರ ಇಲ್ಲ, ಚೆನ್ನಾಗಿ ತಿನ್ನುತ್ತವೆ. ಇದು ಏನಿರಬಹುದು?

ಬಜ್ಪೆ ಹುಡುಗ
ಹಂದಿ ಜ್ವರ ಇರಬೇಕು ಬಾಯಮ್ಮ. ವ್ಯಾಕ್ಸಿನ್ ಉಂಟು, ಹಾಕಿಸಿ.

ಮುಂಡ್ಕೂರು ಗದ್ದೆ
ಹಂದಿ ಜ್ವರ ಬಂದರೆ ಇಷ್ಟು ಹೊತ್ತಿಗೆ ಗೂಡು ಅರ್ಧ ಖಾಲಿ ಆಗುತ್ತಿತ್ತು. ಅವರ ಹಂದಿ ಚೆನ್ನಾಗಿ ತಿನ್ನುತ್ತಾ ಉಂಟಲ್ಲ. ಮಳೆಗಾಲ, ಮುಸುರೆಗೆ ಬೂಸ್ಟು ಬಂದಿರಬಹುದು. ಬೂಸ್ಟು ಹಿಡಿದ ಜೋಳ ತಿಂದರೂ ಗಬ್ಬ ನಿಲ್ಲುವುದಿಲ್ಲ. ನಮ್ಮಲ್ಲಿ ಒಮ್ಮೆ ಹಾಗೆ ಆಗಿದೆ.

ಸಾಸ್ತಾನದ ಅಕ್ಕ
ಇಲಿ ಜ್ವರವೂ ಇರಬಹುದು ಅಲ್ವಾ? ನಮ್ಮ ಕರಾವಳಿಯಲ್ಲಿ ಇಲಿ ಜ್ವರ ಜಾಸ್ತಿ, ಹಂದಿಗೂ ಬರುತ್ತದೆ. ಹಂದಿ ಗೂಡು ಅಂದರೆ ಇಲಿ ಇದ್ದೇ ಇರುತ್ತದೆ.

ದನದ ಡಾಕ್ಟ್ರು · ಬೆಳಿಗ್ಗೆ 8:25
ಬೆಳ್ಮಣ್‌ನವರೇ, ಮೊದಲು ಒಂದು ಪ್ರಶ್ನೆ. ಹೆಕ್ಕುವಾಗ ಕೈಯಲ್ಲಿ ಗಾಯ ಇತ್ತಾ? ಈಗಲೇ ಸಾಬೂನು ಹಾಕಿ ಚೆನ್ನಾಗಿ ತೊಳೆದುಕೊಳ್ಳಿ. ಬಟ್ಟೆ ಬದಲಿಸಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಗೂಡಿನ ಕಡೆಗೆ ಕಳಿಸಬೇಡಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಪಶುವೈದ್ಯನಾಗಿದ್ದವನು, ಈಗ ನಿವೃತ್ತ. ನೋಡದೆ ಇಂಥದ್ದೇ ರೋಗ ಅಂತ ಹೇಳುವುದು ತಪ್ಪು. ಇಲಿ ಜ್ವರ, ಪಾರ್ವೋ ವೈರಸ್, ಬೂಸ್ಟು, ಎಲ್ಲವೂ ಪಟ್ಟಿಯಲ್ಲಿ ಉಂಟು. ಆದರೆ ನಿಮ್ಮ ಕ್ಯಾಲೆಂಡರಿನಲ್ಲಿ ಒಂದು ವಿಷಯ ನನಗೆ ತುಂಬಾ ಚಿಂತೆ ಕೊಡುತ್ತಾ ಉಂಟು. ಗಬ್ಬ ನಿಲ್ಲದ ಹಂದಿ 21 ದಿನಕ್ಕೆ ತಿರುಗಿ ಬೆದೆಗೆ ಬರಬೇಕು. ನಿಮ್ಮದು 35 ದಿನಕ್ಕೆ ಬಂದಿದೆ. ಅಂದರೆ ಗಬ್ಬ ನಿಂತಿತ್ತು, ಆಮೇಲೆ ಹೋಯಿತು. ಅಷ್ಟು ಬೇಗ ಹೋದರೆ ಕಣ್ಣಿಗೆ ಏನೂ ಬೀಳುವುದಿಲ್ಲ, ಬೈಹುಲ್ಲಿನಲ್ಲಿ ಸೇರಿ ಹೋಗುತ್ತದೆ ಅಥವಾ ಹಂದಿಯೇ ತಿಂದುಬಿಡುತ್ತದೆ. ಗಂಡಿನ ವೀರ್ಯದಿಂದ ಬ್ರುಸೆಲ್ಲಾ ಎಂಬ ರೋಗಾಣು ಬಂದರೆ ಹೀಗೇ 30ರಿಂದ 45 ದಿನಕ್ಕೆ ತಿರುಗಿ ಬೆದೆ ಬರುವುದು. ಜೊತೆಗೆ ಒಂದು 72 ದಿನಕ್ಕೆ ಕಂದು ಹಾಕಿದೆ, ಒಂದು ಸತ್ತ ಮರಿ ಹಾಕಿದೆ, ಮೂರಕ್ಕೂ ಒಂದೇ ಗಂಡು. ಪರೀಕ್ಷೆ ಮಾಡಿಸಲೇಬೇಕು.

ಬೆಳ್ಮಣ್ ಹಿತ್ತಿಲು
ಡಾಕ್ಟ್ರೇ, ನಿನ್ನೆ ಬಂಗುಡೆ ಮಾಡುವಾಗ ಹೆಬ್ಬೆರಳು ಕೊಯ್ದುಕೊಂಡಿದ್ದೆ. ಬ್ಯಾಂಡೇಜು ಇತ್ತು, ಆದರೆ ಒದ್ದೆ ಆಗಿತ್ತು. ಈಗ ತೊಳೆದೆ. ಭಯ ಆಗುತ್ತಾ ಉಂಟು.

ದನದ ಡಾಕ್ಟ್ರು
ಹೆದರಬೇಡಿ. ಇವತ್ತಿನ ತಾರೀಕು ಬರೆದಿಡಿ. ಜ್ವರ ಬಂದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಮುಟ್ಟಿ ಒಂದು ವಾರಕ್ಕೂ ಬರಬಹುದು, ಒಂದೆರಡು ತಿಂಗಳಿಗೂ ಬರಬಹುದು.

ಕುಂದಾಪ್ರದ ಮಾಣಿ
ಬ್ರುಸೆಲ್ಲಾ ಅಂದರೆ ದನಗಳಿಗೆ ಬರುವ ಕಂದು ರೋಗ ಅಲ್ವಾ? ಅದಕ್ಕೆ ಸರ್ಕಾರದವರು ಕರುಗಳಿಗೆ ವ್ಯಾಕ್ಸಿನ್ ಹಾಕುತ್ತಾರೆ. ನಮ್ಮ ಕರುವಿಗೂ ಹಾಕಿದ್ದಾರೆ.

ದನದ ಡಾಕ್ಟ್ರು
ಅದೇ ಕುಟುಂಬ, ಜಾತಿ ಬೇರೆ. ದನಕ್ಕೆ ಬರುವುದು ಬ್ರುಸೆಲ್ಲಾ ಅಬಾರ್ಟಸ್, ಹಂದಿಗೆ ಬ್ರುಸೆಲ್ಲಾ ಸೂಯಿಸ್. ನೀವು ಹೇಳುವ ವ್ಯಾಕ್ಸಿನ್ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ. 2019ರಲ್ಲಿ ಕಾಲುಬಾಯಿ ರೋಗದ ಜೊತೆ ಕೇಂದ್ರದವರು ಶುರು ಮಾಡಿದ ಕಾರ್ಯಕ್ರಮ ಅದು. ಹಂದಿಗೆ ಹಾಕಲು ನಮ್ಮಲ್ಲಿ ಇದಕ್ಕೆ ವ್ಯಾಕ್ಸಿನ್ ಇಲ್ಲ. ದನದ್ದನ್ನು ತಂದು ಹಂದಿಗೆ ಚುಚ್ಚಬೇಡಿ, ಉಪಯೋಗ ಇಲ್ಲ.

ಕಿನ್ನಿಗೋಳಿ ಕೃಷಿಕ · ಬೆಳಿಗ್ಗೆ 10:40
ಎಲ್ಲರೂ ಗಂಡಿನ ಮೇಲೆ ತಪ್ಪು ಹೊರಿಸುವುದು ಸುಲಭ. ನಾನು ಹನ್ನೊಂದು ವರ್ಷದಿಂದ ಗಂಡು ಸಾಕುತ್ತಿದ್ದೇನೆ. ಮೂಲ್ಕಿಯಿಂದ ಕಟೀಲು ತನಕ ಎಷ್ಟು ಮನೆಗೆ ಕೊಟ್ಟಿಲ್ಲ. ಒಂದು ದಿನ ಜ್ವರ ಇಲ್ಲ, ನೋಡಲು ಆನೆ ಹಾಗೆ ಉಂಟು. ರೋಗ ಇರುವ ಗಂಡು ಹಾಗೆ ಇರುತ್ತದಾ? ಹೆಣ್ಣು ಹಂದಿಗೆ ಸರಿಯಾಗಿ ತಿನ್ನಲು ಕೊಡದೆ, ಗೂಡು ಜಾರುವ ಹಾಗೆ ಇಟ್ಟು, ಆಮೇಲೆ ಗಂಡಿನವನನ್ನು ಕೇಳುತ್ತಾರೆ.

ಬೆಳ್ಮಣ್ ಹಿತ್ತಿಲು
ಅಣ್ಣ, ನಿಮ್ಮ ಗಂಡು ನಮ್ಮಲ್ಲಿಗೆ ಬಂದದ್ದಲ್ಲ. ನಾನು ಯಾರ ಹೆಸರೂ ಹೇಳಿಲ್ಲ. ನಮ್ಮ ಗೂಡಿಗೆ ನೆಲ ಹಾಸಿದ್ದು ಹೋದ ವರ್ಷ, ಜಾರುವುದಿಲ್ಲ.

ದನದ ಡಾಕ್ಟ್ರು
ಕಿನ್ನಿಗೋಳಿಯವರೇ, ರೋಗ ಇರುವ ಗಂಡು ಆನೆ ಹಾಗೆಯೇ ಇರುತ್ತದೆ. ಕಷ್ಟ ಇರುವುದೇ ಅಲ್ಲಿ. ಕೆಲವು ಗಂಡಿಗೆ ಬೀಜ ಊದುತ್ತದೆ, ಹೆಚ್ಚಾಗಿ ಒಂದೇ ಬದಿ. ಕೆಲವಕ್ಕೆ ಹಿಂದಿನ ಕಾಲು ಕುಂಟು ಬರುತ್ತದೆ. ಎಷ್ಟೋ ಗಂಡಿಗೆ ಏನೂ ಕಾಣುವುದಿಲ್ಲ, ಆದರೆ ವೀರ್ಯದಲ್ಲಿ ರೋಗಾಣು ಹೋಗುತ್ತಲೇ ಇರುತ್ತದೆ. ಕಂದು ಹಾಕಿದ ಹೆಣ್ಣು ಎಷ್ಟೋ ಸಲ ತಾನಾಗಿ ಸುಧಾರಿಸಿ ಮುಂದಿನ ಸಲ ಮರಿ ಹಾಕುತ್ತದೆ. ಗಂಡಿಗೆ ಹಾಗಲ್ಲ, ಒಮ್ಮೆ ಹಿಡಿದರೆ ಸಾಯುವ ತನಕ ಉಳಿಯಬಹುದು. ಗಂಡೇ ಮೊದಲು ತಂದದ್ದು ಅಂತಲೂ ನಾನು ಹೇಳುತ್ತಿಲ್ಲ. ಯಾವುದೋ ಮನೆಯ ಹೆಣ್ಣಿನಿಂದ ಅದಕ್ಕೆ ಬಂದಿರುತ್ತದೆ, ಅದು ಹತ್ತು ಮನೆಗೆ ಹಂಚುತ್ತದೆ.

ನೀರುಮಾರ್ಗದಿಂದ
ಇದಕ್ಕೇ ನಾನು ಯಾವಾಗಲೂ ಹೇಳುವುದು, ಗಂಡು ಬೇಡ, ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿ ಅಂತ. ಹಂದಿ ವೀರ್ಯ ಫ್ರೀಜರಿನಲ್ಲಿ ಇಡುವುದಲ್ಲ, 17 ಡಿಗ್ರಿ ಆಸುಪಾಸಿನಲ್ಲಿ ಇಟ್ಟರೆ ಎರಡು ಮೂರು ದಿನ ಬರುತ್ತದೆ. ನಾನು ಐಸ್ ಪೆಟ್ಟಿಗೆಯಲ್ಲಿ ನೀರಿನ ಬಾಟಲಿ ಇಟ್ಟು ತರುತ್ತೇನೆ.

ಮುಂಡ್ಕೂರು ಗದ್ದೆ
ನೀವು ತರುವ ವೀರ್ಯದ ಗಂಡಿಗೆ ಪರೀಕ್ಷೆ ಆಗಿದೆಯಾ? ಇಲ್ಲದಿದ್ದರೆ ಇದಕ್ಕೂ ಅದಕ್ಕೂ ಏನು ವ್ಯತ್ಯಾಸ? ಇಂಜೆಕ್ಷನ್ನಿನಲ್ಲಿ ಒಂದು ಗಂಡು ಇನ್ನೂ ಜಾಸ್ತಿ ಮನೆಗೆ ಹೋಗುತ್ತದೆ.

ನೀರುಮಾರ್ಗದಿಂದ
ಆಗಿದೆ, ಕಾಗದ ಕೇಳಿ ನೋಡಿಯೇ ತಂದದ್ದು. ಕಾಗದ ಇಲ್ಲದ ಕಡೆಯಿಂದ ತರಬೇಡಿ ಅಂತಲೇ ನನ್ನ ಮಾತು.

ಬಂಟ್ವಾಳ ಪೇಟೆ
ಇಷ್ಟು ತಲೆಬಿಸಿ ಏಕೆ? ಆರನ್ನೂ ಮಾರಿ ಬಿಡಿ. ಸಂತೆಯಲ್ಲಿ ಯಾರೂ ಕೇಳುವುದಿಲ್ಲ, ನೋಡಲು ಚೆನ್ನಾಗಿ ಉಂಟಲ್ಲ. ಸಾಕುವವರಿಗೆ ಕೊಟ್ಟರೆ ಕಟುಕನಿಗಿಂತ ಜಾಸ್ತಿ ಸಿಗುತ್ತದೆ. ಆ ದುಡ್ಡಿನಲ್ಲಿ ಹೊಸದು ತನ್ನಿ.

ಸಾಸ್ತಾನದ ಅಕ್ಕ
ಬಂಟ್ವಾಳದವರೇ, ಹೀಗೆ ಹೇಳಬೇಡಿ ದಯವಿಟ್ಟು. ನಾನು ಮೂರು ವರ್ಷದ ಹಿಂದೆ ಗಬ್ಬದ ಹಂದಿ ಅಂತ ಎರಡು ತಂದಿದ್ದೆ. ಸ್ವಸಹಾಯ ಸಂಘದ ಸಾಲ. ಎರಡೂ ಕಂದು ಹಾಕಿದವು. ಮಾರಿದವರಿಗೆ ಮೊದಲೇ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ನನ್ನ ಕೈಯಲ್ಲಿದ್ದ ಎರಡು ಬಳೆ ಆ ಸಾಲಕ್ಕೆ ಹೋಯಿತು. ಯಾರೂ ಕೇಳುವುದಿಲ್ಲ ಅಂತ ನೀವು ಮಾರುವ ಹಂದಿ ನನ್ನಂಥವರ ಮನೆಗೇ ಬರುವುದು.

ಬಂಟ್ವಾಳ ಪೇಟೆ
ಅಕ್ಕ, ನನಗೆ ಅದು ಹೊಳೆದಿರಲಿಲ್ಲ. ನಷ್ಟದಲ್ಲಿರುವವರಿಗೆ ದಾರಿ ಹೇಳಲು ಹೋದೆ. ತಪ್ಪಾಯಿತು.

ದನದ ಡಾಕ್ಟ್ರು
ಕಾನೂನೂ ಉಂಟು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯ ಪಟ್ಟಿಯಲ್ಲಿ ಬ್ರುಸೆಲ್ಲೋಸಿಸ್ ಇದೆ. ಅನುಮಾನ ಬಂದ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. ಕಾನೂನು ಬಿಡಿ, ಸಾಸ್ತಾನದವರು ಬರೆದದ್ದು ಓದಿದ ಮೇಲೆ ಬೇರೆ ಕಾರಣ ಬೇಕಾಗಿಲ್ಲ.

ಈಗ ಕೆಲಸದ ವಿಷಯ. ಗ್ಲೌಸ್, ಮಾಸ್ಕ್ ಹಾಕಿ ಒಂದು ಮರಿ ಮತ್ತು ಸ್ವಲ್ಪ ಮಾಸು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸಿನಲ್ಲಿ ಇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಯವರನ್ನು ಕರೆಸಿ, ಅವರು ಲ್ಯಾಬಿಗೆ ಕಳಿಸುತ್ತಾರೆ. ಉಳಿದ ಮರಿ ಬಾಳೆ ಬುಡದಲ್ಲಿ ಬೇಡ, ನಾಯಿ ನರಿ ಕೆದಕುತ್ತದೆ. ಬಾವಿಯಿಂದ ದೂರ ಆಳದ ಗುಂಡಿ ತೆಗೆದು ಮೇಲೆ ಕೆಳಗೆ ಸುಣ್ಣ ಹಾಕಿ ಮುಚ್ಚಿ. ಬೈಹುಲ್ಲು ಸುಟ್ಟು ಬಿಡಿ. ಕಂದು ಹಾಕಿದ ಹಂದಿಯನ್ನು ಬೇರೆ ಕಟ್ಟಿ. ಆರಕ್ಕೂ ರಕ್ತ ಪರೀಕ್ಷೆ ಆಗಬೇಕು. ಒಂದು ಹಂದಿಯ ರಕ್ತ ನೋಡಿ ಹೌದು ಅಲ್ಲ ಅಂತ ಹೇಳಲು ಆಗುವುದಿಲ್ಲ, ಇಡೀ ಗೂಡನ್ನು ಒಟ್ಟಿಗೆ ನೋಡಬೇಕು.

ಬಜ್ಪೆ ಹುಡುಗ
ನಾಯಿಯದ್ದು? ಅದು ತಿಂದಿದೆಯಲ್ಲ.

ದನದ ಡಾಕ್ಟ್ರು
ಒಳ್ಳೆಯ ಪ್ರಶ್ನೆ. ನಾಯಿಗೂ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಕಾಡುಹಂದಿ ಬೇಟೆಗೆ ಹೋಗುವ ನಾಯಿಗಳಲ್ಲಿ ಹಂದಿಯ ಬ್ರುಸೆಲ್ಲಾವೇ ಸಿಕ್ಕಿದೆ. ನಾಯಿಯ ಬೀಜ ಊದಿದರೆ, ಬೆನ್ನು ನೋವಿನಿಂದ ಕೂಗಿದರೆ ತೋರಿಸಿ. ಹಟ್ಟಿಯಲ್ಲಿ ದನ ಇದ್ದರೆ ಅದನ್ನೂ ಗೂಡಿನಿಂದ ದೂರ ಇಡಿ. ಹಂದಿಯಿಂದ ದನದ ಕೆಚ್ಚಲಿಗೆ ಹೋಗಿ ಹಾಲಿನಲ್ಲಿ ಬರುವುದುಂಟು, ದನಕ್ಕೆ ಏನೂ ಆಗಿರುವುದಿಲ್ಲ. ಹಾಲು ಕಾಯಿಸದೆ ಯಾರೂ ಕುಡಿಯಬೇಡಿ.

ಕುಂದಾಪ್ರದ ಮಾಣಿ
ಸುಮ್ನೆ ಒಂದು ವಿಷಯ. ಈ ಹೆಸರು ಬಂದದ್ದು ಡೇವಿಡ್ ಬ್ರೂಸ್ ಎಂಬ ಸೇನಾ ಡಾಕ್ಟರರಿಂದ. ಮಾಲ್ಟಾ ದ್ವೀಪದಲ್ಲಿ ಸೈನಿಕರಿಗೆ ಬರುತ್ತಿದ್ದ ಜ್ವರದ ರೋಗಾಣುವನ್ನು ಅವರು 1887ರಲ್ಲಿ ಹುಡುಕಿದ್ದು. ಆಡಿನ ಹಾಲಿನಿಂದ ಬರುತ್ತದೆ ಅಂತ ಗೊತ್ತಾದದ್ದು ಆಮೇಲೆ, 1905ರಲ್ಲಿ. ಹಂದಿಯದ್ದನ್ನು 1914ರಲ್ಲಿ ಅಮೆರಿಕದಲ್ಲಿ ಕಂದು ಹಾಕಿದ ಮರಿಯಿಂದ ತೆಗೆದರು. ಅಮೆರಿಕದ ಸೇನೆ 1950ರ ದಶಕದಲ್ಲಿ ಇದನ್ನು ಯುದ್ಧಕ್ಕೆ ಬಳಸಲು ಬಾಂಬಿನಲ್ಲಿ ತುಂಬಿತ್ತು. ಗಾಳಿಯಲ್ಲಿ ಹೋಗಿ ಉಸಿರಿಗೆ ಸೇರಿದರೂ ಸಾಕು, ರೋಗ ಬರುತ್ತದೆ. ಡಾಕ್ಟ್ರು ಮಾಸ್ಕ್ ಹಾಕಿ ಅಂದದ್ದು ಅದಕ್ಕೇ.

ಬಜ್ಪೆ ಹುಡುಗ
ಹಾಗಾದರೆ ಮಾಂಸ ತಿನ್ನಬಹುದಾ? ಮುಂದಿನ ವಾರ ಅಣ್ಣನ ರೋಸ್ (ಮದುವೆಗೆ ಮೊದಲಿನ ಶಾಸ್ತ್ರ), ಸಾನ್ನಾಂ ಮತ್ತು ಹಂದಿ ಮಾಂಸಕ್ಕೆ ಹೇಳಿ ಆಗಿದೆ. ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ.

ದನದ ಡಾಕ್ಟ್ರು
ಚೆನ್ನಾಗಿ ಬೇಯಿಸಿದ ಮಾಂಸದಿಂದ ಬರುವುದಿಲ್ಲ, ಬೆಂಕಿಗೆ ಈ ರೋಗಾಣು ನಿಲ್ಲುವುದಿಲ್ಲ. ಅಪಾಯ ಇರುವುದು ಹಸಿ ಮಾಂಸ ಕೊಯ್ಯುವವರಿಗೆ. ಕೈಯಲ್ಲಿ ಗಾಯ ಇದ್ದರೆ, ರಕ್ತ ಕಣ್ಣಿಗೆ ಸಿಡಿದರೆ. ಅದರಲ್ಲೂ ಗರ್ಭಕೋಶ, ಕೆಚ್ಚಲು, ಗಂಡಿನ ಬೀಜ ಮುಟ್ಟುವಾಗ.

ಕಂಕನಾಡಿ ಲ್ಯಾಬ್ ಹುಡುಗಿ · ರಾತ್ರಿ 9:50
ನಾನು ಮನುಷ್ಯರ ರಕ್ತ ನೋಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಒಂದು ಮಾತು ಸೇರಿಸುತ್ತೇನೆ. ಮಂಗಳೂರಿನಲ್ಲಿ ಜ್ವರ ಅಂದ ಕೂಡಲೇ ಮಲೇರಿಯಾ ನೋಡುತ್ತಾರೆ, ಆಮೇಲೆ ಡೆಂಗಿ, ಇಲಿ ಜ್ವರ, ಟೈಫಾಯ್ಡ್. ಬ್ರುಸೆಲ್ಲಾ ಯಾರ ನೆನಪಿಗೂ ಬರುವುದಿಲ್ಲ. ಹಂದಿ, ದನ, ಆಡು ಸಾಕುತ್ತೇವೆ, ಕಂದು ಹಾಕಿದ್ದನ್ನು ಮುಟ್ಟಿದ್ದೇವೆ ಅಂತ ನೀವೇ ಬಾಯಿ ಬಿಟ್ಟು ಹೇಳಬೇಕು. ಡಾಕ್ಟರಿಗೂ ಹೇಳಿ, ರಕ್ತ ತೆಗೆಯುವವರಿಗೂ ಹೇಳಿ. ಈ ರೋಗಾಣು ನಿಧಾನವಾಗಿ ಬೆಳೆಯುತ್ತದೆ, ಮೊದಲೇ ಗೊತ್ತಿದ್ದರೆ ಕಲ್ಚರ್ (ರಕ್ತದಿಂದ ರೋಗಾಣು ಬೆಳೆಸಲು ಇಟ್ಟದ್ದು) ಬೇಗ ಎಸೆಯದೆ ಜಾಸ್ತಿ ದಿನ ಇಡುತ್ತೇವೆ. ಗೊತ್ತಿಲ್ಲದೆ ಮುಚ್ಚಳ ತೆಗೆದು ಮೂಸಿ ನೋಡಿದ ಲ್ಯಾಬಿನವರಿಗೇ ರೋಗ ಬಂದದ್ದುಂಟು. ನಮ್ಮ ಜೀವವೂ ನಿಮ್ಮ ಒಂದು ಮಾತಿನಲ್ಲಿ ಇರುತ್ತದೆ.

ಬೆಳ್ಮಣ್ ಹಿತ್ತಿಲು · ಆಗಸ್ಟ್ 18
ಪಶು ಆಸ್ಪತ್ರೆಯವರು ಬಂದು ಆರಕ್ಕೂ ರಕ್ತ ತೆಗೆದರು. ನನ್ನ ಗಂಡ ಮೂತಿಗೆ ಹಗ್ಗ ಹಾಕಿ ಹಿಡಿದರು, ಕೂಗಿದ್ದು ಪೇಟೆಗೆ ಕೇಳಿರಬೇಕು. ಅವರು ಮಾಡಿದ ಪರೀಕ್ಷೆ ನೋಡಿದೆ. ಬಿಳಿ ತಟ್ಟೆಯ ಮೇಲೆ ರಕ್ತದ ತಿಳಿ ಒಂದು ಹನಿ, ಪಕ್ಕದಲ್ಲಿ ಗುಲಾಬಿ ಬಣ್ಣದ ಔಷಧಿ ಒಂದು ಹನಿ. ಕಡ್ಡಿಯಲ್ಲಿ ಕಲಸಿ ನಾಲ್ಕು ನಿಮಿಷ ತಟ್ಟೆಯನ್ನು ಮೆಲ್ಲ ಅಲ್ಲಾಡಿಸಿದರು. ಎರಡು ಹಂದಿಯದ್ದು ನಯವಾಗಿಯೇ ಉಳಿಯಿತು. ನಾಲ್ಕರದ್ದು ಹಾಲು ಒಡೆದ ಹಾಗೆ ಗಂಟು ಗಂಟಾಯಿತು. ಗಂಟು ಕಟ್ಟಿದರೆ ರೋಗ ಇದೆ ಅಂತ ಲೆಕ್ಕ, ಏನೂ ಹೇಳುವುದೇ ಬೇಕಾಗಲಿಲ್ಲ. ಖಾತ್ರಿಗೆ ಬೆಂಗಳೂರಿಗೆ ಕಳಿಸಿದ್ದಾರೆ.

ಮುಂಡ್ಕೂರು ಗದ್ದೆ
ಈ ಪರೀಕ್ಷೆ ಕೆಲವೊಮ್ಮೆ ಸುಳ್ಳೂ ಹೇಳುತ್ತದೆ ಅಂತ ಕೇಳಿದ್ದೇನೆ. ಬೇರೆ ಯಾವುದೋ ರೋಗಾಣು ಇದ್ದರೂ ಗಂಟು ಕಟ್ಟುತ್ತದಂತೆ.

ದನದ ಡಾಕ್ಟ್ರು
ಹೌದು, ಯೆರ್ಸಿನಿಯಾ ಅಂತ ಒಂದು ಹಂದಿಯ ಹೊಟ್ಟೆಯಲ್ಲಿ ಇರುತ್ತದೆ, ಅದಕ್ಕೂ ಗಂಟು ಕಟ್ಟುತ್ತದೆ. ಅದಕ್ಕೇ ಬೆಂಗಳೂರಿಗೆ ಕಳಿಸುವುದು. ಆದರೆ ಮೂರು ಹಂದಿಗೆ ಗಬ್ಬದ ತೊಂದರೆ ಆದ ಗೂಡಿನಲ್ಲಿ ನಾಲ್ಕು ಗಂಟು ಕಟ್ಟಿದರೆ ನಾನು ಯೆರ್ಸಿನಿಯಾ ಅಂತ ಸಮಾಧಾನ ಮಾಡಿಕೊಳ್ಳುವುದಿಲ್ಲ.

ಬೆಳ್ಮಣ್ ಹಿತ್ತಿಲು · ಆಗಸ್ಟ್ 29
ಬ್ರುಸೆಲ್ಲಾ ಹೌದು ಅಂತ ಬಂತು.

ಮದ್ದು ಕೊಟ್ಟು ಉಳಿಸಬಹುದಾ ಡಾಕ್ಟ್ರೇ? ದೊಡ್ಡ ಹಂದಿ ನಾನು ಬಾಟಲಿ ಹಾಲು ಕೊಟ್ಟು ಬೆಳೆಸಿದ್ದು. ಅದರ ತಾಯಿ ಹಾಲಿಲ್ಲದೆ ಬಿಟ್ಟಿತ್ತು. ನನ್ನ ಕಾಲು ಸಪ್ಪಳ ಕೇಳಿದರೆ ಎದ್ದು ಬರುತ್ತದೆ.

ದನದ ಡಾಕ್ಟ್ರು
ಇಲ್ಲ ಅಂತ ಹೇಳಲು ನನಗೂ ಕಷ್ಟ. ಆಂಟಿಬಯೋಟಿಕ್ ಕೊಟ್ಟರೆ ಸ್ವಲ್ಪ ದಿನ ಅಡಗಿರುತ್ತದೆ, ಹೋಗುವುದಿಲ್ಲ. ರೋಗಾಣು ಜೀವಕೋಶದ ಒಳಗೇ ಕೂತಿರುತ್ತದೆ. ಗಂಟು ಕಟ್ಟದ ಆ ಎರಡನ್ನು ಇಟ್ಟುಕೊಂಡರೂ ನಂಬಿಕೆ ಇಲ್ಲ, ಶುರುವಿನಲ್ಲಿ ಪರೀಕ್ಷೆಗೆ ಸಿಗದೆ ಇರಬಹುದು. ಆರನ್ನೂ ಕಳಿಸಿ, ಗೂಡು ಖಾಲಿ ಬಿಟ್ಟು, ರೋಗ ಇಲ್ಲದ ಕಡೆಯಿಂದ ಹೊಸದು ತರುವುದೇ ದಾರಿ. ಪಶು ಆಸ್ಪತ್ರೆಯವರಿಗೆ ಹೇಳಿ, ಅವರ ಮುಂದೆಯೇ ಕಡಿಸಿ. ಕಡಿಯುವವರಿಗೆ ರೋಗದ ಹೆಸರು ಹೇಳಿ, ಗ್ಲೌಸ್, ಕನ್ನಡಕ ನೀವೇ ಕೊಡಿ. ಗರ್ಭಕೋಶ, ಕೆಚ್ಚಲು ಕೊಯ್ಯದೆ ಇಡಿಯಾಗಿ ತೆಗೆದು ಹೂಳಬೇಕು.

ಸಾಸ್ತಾನದ ಅಕ್ಕ
ಬಾಯಮ್ಮ, ನಿಮ್ಮ ನೋವು ನನಗೆ ಗೊತ್ತು. ಧೈರ್ಯ ತಂದುಕೊಳ್ಳಿ.

ಕಿನ್ನಿಗೋಳಿ ಕೃಷಿಕ · ಸೆಪ್ಟೆಂಬರ್ 2
ಅವತ್ತು ಸಿಟ್ಟಿನಲ್ಲಿ ಬರೆದೆ. ಆಮೇಲೆ ನಿದ್ದೆ ಬರಲಿಲ್ಲ. ಹೋದ ವರ್ಷ ದೀಪಾವಳಿ ಹೊತ್ತಿಗೆ ನನ್ನ ಗಂಡಿನ ಎಡದ ಬೀಜ ದೊಡ್ಡದಾಗಿತ್ತು. ಜಗಳದಲ್ಲಿ ತಾಗಿದ್ದು ಅಂತ ಅರಶಿನ ಹಚ್ಚಿದ್ದೆ, ಇಳಿಯಿತು. ಡಾಕ್ಟ್ರು ಬರೆದದ್ದು ಓದಿದ ಮೇಲೆ ಅದೇ ನೆನಪು. ನಿನ್ನೆ ಅದರ ರಕ್ತ ಪರೀಕ್ಷೆಗೆ ಕೊಟ್ಟೆ, ಗಂಟು ಕಟ್ಟಿತು. ಈ ವರ್ಷ ಕೊಟ್ಟ ಮನೆಗಳ ಲೆಕ್ಕ ಬರೆದಿದ್ದೇನೆ, ಹದಿನಾಲ್ಕು ಮನೆ. ಒಂದೊಂದೇ ಫೋನ್ ಮಾಡುತ್ತಿದ್ದೇನೆ. ಇಬ್ಬರು ಬೈದರು. ಒಬ್ಬರು ನಮ್ಮದೂ 40 ದಿನಕ್ಕೆ ತಿರುಗಿ ಬೆದೆಗೆ ಬಂತು ಅಂದರು.

ದನದ ಡಾಕ್ಟ್ರು
ಉಳಿದವರಿಗೂ ಮಾಡಿ. ಬೈದವರಿಗೆ ಇನ್ನೊಮ್ಮೆ ಮಾಡಿ. ಅವರ ಊರಿನ ಪಶು ಆಸ್ಪತ್ರೆಗೆ ನಾನೂ ಹೇಳುತ್ತೇನೆ, ಪಟ್ಟಿ ಕಳಿಸಿ.

ನೀರುಮಾರ್ಗದಿಂದ
ಕಿನ್ನಿಗೋಳಿ ಅಣ್ಣ, ಹನ್ನೊಂದು ವರ್ಷ ಸಾಕಿದವರು ಹೀಗೆ ಫೋನ್ ಮಾಡುವುದು ಸಣ್ಣ ಮಾತಲ್ಲ. ನಿಮ್ಮ ಮೇಲೆ ಗೌರವ ಜಾಸ್ತಿ ಆಯಿತು.

ಬೆಳ್ಮಣ್ ಹಿತ್ತಿಲು · ಸೆಪ್ಟೆಂಬರ್ 9
ನಿನ್ನೆ ಮೊಂತಿ ಹಬ್ಬ, ನಮ್ಮ ತೆನೆ ಹಬ್ಬ. ಇಗರ್ಜಿಗೆ ಹೋಗಲು ಆಗಲಿಲ್ಲ, ಮಗಳು ತೆನೆ ತಂದಳು. ಮೂರು ದಿನದಿಂದ ಸಂಜೆ ಆದರೆ ಚಳಿ ಜ್ವರ. ರಾತ್ರಿ ಬೆವರಿ ಹಾಸಿಗೆ ಒದ್ದೆ, ಬೆಳಿಗ್ಗೆ ಏನೂ ಇಲ್ಲದ ಹಾಗೆ. ಸೊಂಟ ನೋವಿನಿಂದ ಅಕ್ಕಿ ಚೀಲ ಎತ್ತಲು ಆಗುವುದಿಲ್ಲ. ಮೊದಲು ಹೋದ ಕಡೆ ಮಲೇರಿಯಾ ಇಲ್ಲ ಅಂತ ಗುಳಿಗೆ ಕೊಟ್ಟು ಕಳಿಸಿದರು. ಲ್ಯಾಬ್ ಹುಡುಗಿ ಬರೆದದ್ದು ನೆನಪಾಗಿ ಇವತ್ತು ಬೇರೆ ಕಡೆ ಹೋಗಿ ಎಲ್ಲ ಹೇಳಿದೆ, ಕ್ಯಾಲೆಂಡರಿನ ಫೋಟೋ ತೋರಿಸಿದೆ. ಆ ಡಾಕ್ಟರು ಕುರ್ಚಿ ಎಳೆದು ಹತ್ತಿರ ಕೂತು ಪೂರಾ ಕೇಳಿದರು.

ಕಂಕನಾಡಿ ಲ್ಯಾಬ್ ಹುಡುಗಿ
ಹೇಳಿದ್ದು ತುಂಬಾ ಒಳ್ಳೆಯದಾಯಿತು ಅಕ್ಕ. ಬ್ರುಸೆಲ್ಲಾ ಅಂತ ಬಂದರೆ ಎರಡು ಬಗೆಯ ಆಂಟಿಬಯೋಟಿಕ್ ಆರು ವಾರ ಕೊಡುತ್ತಾರೆ. ಹತ್ತು ದಿನಕ್ಕೆ ಜ್ವರ ಬಿಡುತ್ತದೆ, ಆಗ ಎಲ್ಲರೂ ಗುಳಿಗೆ ಬಿಡುತ್ತಾರೆ, ತಿಂಗಳು ಕಳೆದು ತಿರುಗಿ ಬರುತ್ತದೆ. ನೀವು ಬಿಡಬೇಡಿ.

ಬಜ್ಪೆ ಹುಡುಗ
ಬಾಯಮ್ಮ, ಪೇಟೆಗೆ ಏನಾದರೂ ಬೇಕಿದ್ದರೆ ಹೇಳಿ. ನಾನು ದಿನಾ ಆ ದಾರಿಯಲ್ಲೇ ಗಾಡಿ ಓಡಿಸುವುದು.

ಬೆಳ್ಮಣ್ ಹಿತ್ತಿಲು · ಅಕ್ಟೋಬರ್ 12
ಬ್ರುಸೆಲ್ಲಾವೇ. ಗುಳಿಗೆ ಶುರು ಮಾಡಿ ಐದನೇ ವಾರ ಆಗುವುದಕ್ಕೆ ಬಂತು. ಜ್ವರ ಇಲ್ಲ, ಸೊಂಟ ನೋವು ಸ್ವಲ್ಪ ಉಂಟು. ಗುಳಿಗೆ ತಿಂದರೆ ಮೂತ್ರ ಕೇಸರಿ ಬಣ್ಣ ಬರುತ್ತದೆ, ಡಾಕ್ಟರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಗಂಡನಿಗೂ ಮಗಳಿಗೂ ರಕ್ತ ನೋಡಿ ಆಯಿತು, ಇಬ್ಬರಿಗೂ ಇಲ್ಲ. ನಾಯಿಯೂ ಇಲ್ಲಿಯ ತನಕ ಸರಿ ಇದೆ.

ಆರನ್ನೂ ಸೆಪ್ಟೆಂಬರ್ ಕೊನೆಗೆ ಕಳಿಸಿದೆವು. ನಾನು ಒಳಗೇ ಇದ್ದೆ. ಗೂಡಿನ ಸಗಣಿ ಮಣ್ಣು ಎಲ್ಲ ಕೆರೆದು ತೆಗೆದು, ತೊಳೆದು, ಬ್ಲೀಚಿಂಗ್ ಪೌಡರ್ ನೀರು ಹೊಯ್ದು, ಗೋಡೆಗೆ ಸುಣ್ಣ ಬಳಿದಿದ್ದಾರೆ. ನೆರಳಿಗೆ ಅಂತ ಕಟ್ಟಿದ್ದ ಶೀಟು ಬಿಚ್ಚಿದೆವು, ಈಗ ಮಧ್ಯಾಹ್ನ ಪೂರಾ ಬಿಸಿಲು ಒಳಗೆ ಬೀಳುತ್ತದೆ. ಕ್ರಿಸ್ಮಸ್ ತನಕ ಖಾಲಿಯೇ ಇರಲಿ ಅಂತ ಡಾಕ್ಟ್ರು ಹೇಳಿದ್ದಾರೆ. ಆಮೇಲೆ ಪರೀಕ್ಷೆ ಆದ ಎರಡು ಹೆಣ್ಣು ಮರಿ ಬೇಕು, ಎಲ್ಲಿ ಸಿಗಬಹುದು?

ನೀರುಮಾರ್ಗದಿಂದ
ನನ್ನಲ್ಲಿ ಎಂಟು ವಾರದ್ದು ಉಂಟು. ಗೂಡಿಗೆ ಪೂರಾ ಪರೀಕ್ಷೆ ಮಾಡಿಸಿದ್ದು ಜುಲೈಯಲ್ಲಿ. ನಿಮಗೆ ಕೊಡುವ ಮೊದಲು ಇನ್ನೊಮ್ಮೆ ಮಾಡಿಸುತ್ತೇನೆ, ಕಾಗದ ನೋಡಿ ತೆಗೆದುಕೊಂಡು ಹೋಗಿ.

ಕಿನ್ನಿಗೋಳಿ ಕೃಷಿಕ
ಹದಿನಾಲ್ಕರಲ್ಲಿ ಹನ್ನೆರಡು ಮನೆಯವರು ಹಂದಿಗಳ ರಕ್ತ ಪರೀಕ್ಷೆಗೆ ಕೊಟ್ಟಿದ್ದಾರೆ. ಇನ್ನೆರಡು ಮನೆಗೆ ಭಾನುವಾರ ಪೂಜೆ ಮುಗಿಸಿ ನಾನೇ ಹೋಗುತ್ತೇನೆ.